ಗೋರಿ ಮೇಲಿನ ಮೇಣ

ಗುಂಡ್ಲುಪೇಟೆಯ ಚರ್ಚಿನ ಕಾಂಪೌಂಡಿನಲ್ಲಿ, ಗಂಟೆಗೋಪುರದ ಪಕ್ಕಕ್ಕೆ ಒಂದು ಹೆಂಚಿನ ಮನೆಯಿದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ನಾಲ್ಕು ಪರಂಗಿ ಗಿಡ. ಊರವರೆಲ್ಲ ಅದನ್ನು ಚೌರಪ್ಪನ ಮನೆ ಅನ್ನುತ್ತಾರೆ. ಚೌರಪ್ಪ ಮಾತ್ರ ಹಾಗೆ ಅನ್ನುವುದಿಲ್ಲ. ಗಂಟೆ ಹೊಡೆಯುವುದು, ಬಾಗಿಲು ತೆಗೆದು ಹಾಕುವುದು, ಬಲಿಪೀಠದ ಬಟ್ಟೆ ಒಗೆಯುವುದು, ಹಿಂದಿನ ಸಮಾಧಿ ಭೂಮಿ ಗುಡಿಸುವುದು, ಇಷ್ಟು ಕೆಲಸ ಇರುವವರೆಗೆ ಮನೆ. ಕೆಲಸ ಹೋದ ದಿನ ಮನೆಯೂ ಹೋದಂತೆ. ಚರ್ಚಿನ ಸಮಿತಿಯ ಕಾರ್ಯದರ್ಶಿ ಜ್ಞಾನಪ್ರಕಾಶಪ್ಪನಿಗೆ ಆ ಜಾಗದಲ್ಲಿ ಬೈಕು ನಿಲ್ಲಿಸಲು ಶೆಡ್ಡು ಹಾಕಿಸಬೇಕೆಂಬ ಆಸೆ ಇರುವುದು ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ಚೌರಪ್ಪ ನಲವತ್ತೈದಕ್ಕೇ ಬೆನ್ನು ಬಾಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದ. ಯಾರಾದರೂ ಕರೆದರೆ ಮೊದಲು "ತಪ್ಪಾಯ್ತು" ಅಂದು, ಆಮೇಲೆ "ಏನು?" ಎಂದು ಕೇಳುವ ಆಸಾಮಿ.

2007ರ ಅಕ್ಟೋಬರಿನಲ್ಲಿ ಆ ಮನೆಗೆ ಮೂರು ಚೀಲ ಬಂದವು. ಕಾಗದಕ್ಕೊಂದು, ಪ್ಲಾಸ್ಟಿಕ್ಕಿಗೊಂದು, ಗಾಜು ತಗಡಿಗೊಂದು. ತಂದವಳು ಮಗಳು ಲೀನಾ. ಪಿಯುಸಿ ಓದುತ್ತಿದ್ದ ಅವಳನ್ನೇ ಚರ್ಚಿನ ಪಾದ್ರಿ ಸ್ವಾಮಿಯವರು ಈ ಚೀಲಗಳ ಉಸ್ತುವಾರಿಗೆ ಹಾಕಿದ್ದರು.

"ಇದ್ಯಾಕಮ್ಮಿ? ಮನಗಕ್ಕೇ ಜಾಗ ಇಲ್ಲ," ಅಂದ ಚೌರಪ್ಪ ಮುದ್ದೆ ಮುರಿಯುತ್ತ.

"ಎಲ್ಲಾರ ಮನೇಲೂ ಇಡ್ಬೇಕು ಕಣಪ್ಪ. ಒಂದೊಂದು ಮನೆ ಚೀಲಕ್ಕೂ ಒಂದೊಂದು ನಂಬರ್ ಹಾಕಿದೀವಿ. ನಮ್ದು ಒಂದು."

"ಒಂದ್ಯಾಕೆ? ಕೊನೇಲೆಲ್ಲಾದ್ರೂ ಹಾಕ್ಬಾರ್ದಾ? ಎಲ್ಲಾರ ಕಣ್ಣಿಗೂ ಬೀಳ್ತದೆ."

ಇದಕ್ಕೆಲ್ಲ ಕಾರಣ ಒಂದು ಹಸು. ಚರ್ಚಿನ ಹಿಂದೆ ಮೇಯುತ್ತಿದ್ದ, ಪಕ್ಕದ ಬೀದಿಯ ಸಣ್ಣತಾಯಮ್ಮನ ಹಸು ಹೊಟ್ಟೆ ಉಬ್ಬಿ ಸತ್ತಿತ್ತು. ದನದ ಡಾಕ್ಟರು ಕೊಯ್ದಾಗ ಒಂದು ಬಕೆಟ್ಟು ಕವರು ಸಿಕ್ಕಿತು. ಹೊಸದಾಗಿ ಬಂದಿದ್ದ ಸ್ವಾಮಿಯವರು ನೋಡಲು ಹೋದವರು ಅದರಲ್ಲಿ ಚರ್ಚಿನ ಹಬ್ಬದೂಟಕ್ಕೆ ತರಿಸಿದ್ದ ನೀರಿನ ಪ್ಯಾಕೆಟ್ಟುಗಳನ್ನು ಗುರುತಿಸಿದರು. ಮರುವಾರ ಪ್ರಬೋಧನೆಯಲ್ಲಿ ಬೇರೆ ಮಾತೇ ಇಲ್ಲ. "ಊಟಿಗೆ ಹೋಗೋರು ರಸ್ತೆಗೆ ಎಸೀತಾರೆ ಅಂತ ಬೈತೀವಿ. ಆ ಹಸೂನ ಕೊಂದಿದ್ದು ನಮ್ಮ ಊಟ." ಅಂದಿನಿಂದ ಶನಿವಾರ ಸಂಜೆ ಎಲ್ಲರೂ ಚೀಲ ತಂದು ಚರ್ಚಿನ ಜಗಲಿಯಲ್ಲಿಡಬೇಕು, ಭಾನುವಾರ ಪೂಜೆ ಮುಗಿದ ಮೇಲೆ ಗುಜರಿ ಅಂಗಡಿಯ ಮುನಾವರ್ ಬಂದು ತೂಗಿಕೊಂಡು ಹೋಗಬೇಕು ಎಂದಾಯಿತು.

ಈ ಕೆಲಸ ಎಲ್ಲರಿಗಿಂತ ಹೆಚ್ಚು ಹಿಡಿಸಿದ್ದು ಚೌರಪ್ಪನ ತಾಯಿ ಆರೋಗ್ಯಮ್ಮನಿಗೆ. ಅರವತ್ತೆಂಟು ದಾಟಿದ ಮುದುಕಿ ಹಾಲಿನ ಕವರು ತೊಳೆದು ಬಟ್ಟೆ ಹಗ್ಗಕ್ಕೆ ಸಿಕ್ಕಿಸಿ ಒಣಗಿಸತೊಡಗಿದಳು. ಒಗೆದ ಸೀರೆ ಹರವಲು ಬಂದ ಸೊಸೆ ಫಿಲೋಮಿನಾಗೆ ಹಗ್ಗದಲ್ಲಿ ಜಾಗವಿಲ್ಲ.

"ಅತ್ತೆ, ಇಸ್ಕೂಲಿಗೆ ಇದೇ ಸೀರೆ ಉಟ್ಕಂಡು ಓಗ್ಬೇಕು ನಾನು. ಹಾಲಿನ ಕವರ್ ಉಟ್ಕಂಡು ಓಗ್ಲಾ?" ಫಿಲೋಮಿನಾ ಸಿಸ್ಟರುಗಳ ಶಾಲೆಯಲ್ಲಿ ಆಯಾ ಆಗಿದ್ದಳು.

"ನಿಮ್ಗೆಲ್ಲ ಎಸ್ಯದೊಂದೇ ಗೊತ್ತು. ನಮ್ಮತ್ತೆ ಸೀರೆ ಹರಿದ್ರೆ ಕೌದಿ ಒಲೀತಿದ್ಲು, ಕೌದಿ ಹರಿದ್ರೆ ನೆಲ ಒರಸ್ತಿದ್ಲು. ಸ್ವಾಮ್ಯೋರು ಈಗ ಹೇಳ್ತಾವ್ರೆ, ನಾವು ಆಗ್ಲೇ ಮಾಡಿದ್ದೊ."

ಹೀಗೆ ಹೆಮ್ಮೆಯಲ್ಲಿದ್ದ ಮುದುಕಿ, ಆ ಹೆಮ್ಮೆಯಲ್ಲೇ ಎಡವಿದಳು.

ನವೆಂಬರ್ ಎರಡು ಮೃತರ ದಿನ. ಎಲ್ಲ ಮನೆಯವರೂ ಸಮಾಧಿಗೆ ಬಂದು ತಮ್ಮ ತಮ್ಮವರ ಗೋರಿ ತೊಳೆದು, ಚೆಂಡುಹೂ ಹಾಕಿ, ಮೇಣದಬತ್ತಿ ಹಚ್ಚುತ್ತಾರೆ. ಆ ಸಂಜೆ ಸಂಧ್ಯಾಗಮ್ಮ ತನ್ನ ಮಗಳ ಗೋರಿಗೆ ವೇಳಾಂಗಣಿಯಿಂದ ತರಿಸಿದ್ದ ಮೊಳದುದ್ದದ ಗುಲಾಬಿ ಬಣ್ಣದ ಬತ್ತಿ ಹಚ್ಚಿದಳು. ಸೆಲಿನ್ ಅವಳಿಗೆ ಒಬ್ಬಳೇ ಮಗಳು; ಇಪ್ಪತ್ತೆರಡು ವಯಸ್ಸು, ಈಸ್ಟರಿನ ವಾರದಲ್ಲಿ ಕಾಮಾಲೆಯಿಂದ ಹೋಗಿದ್ದಳು. ಗಾಳಿ ಜೋರಾಗಿ ಬತ್ತಿ ಅರ್ಧಕ್ಕೇ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಸಂಧ್ಯಾಗಮ್ಮ ಅದನ್ನು ಅಲ್ಲೇ ಬಿಟ್ಟು ಕಣ್ಣೊರಸಿಕೊಂಡು ಹೋದಳು.

ಗೋರಿಗೆ ಹಚ್ಚಿದ ಬತ್ತಿ ಸತ್ತವರದು, ಉಳಿದ ತುಂಡು ಯಾರ ಮನೆಗೂ ಬರಕೂಡದು ಎಂಬುದು ಮೊದಲಿಂದ ಬಂದ ಪದ್ಧತಿ. ಸಮಾಧಿ ಭೂಮಿಯ ಹಿಂದಿನ ಗೋಡೆಯ ಮೂಲೆಯಲ್ಲಿ ಅದಕ್ಕೆಂದೇ ಒಂದು ಗುಂಡಿಯಿದೆ. ಚೌರಪ್ಪನ ಅಪ್ಪ ಬದುಕಿದ್ದಷ್ಟು ದಿನ ಮಾರನೆ ದಿನ ತುಂಡುಗಳನ್ನೆಲ್ಲ ಬಳಿದು ಅಲ್ಲಿ ಹೂಳುತ್ತಿದ್ದ. ಆಮೇಲೆ ಆ ಕೆಲಸ ಆರೋಗ್ಯಮ್ಮನದು. ಈ ಸಲ ಅವಳು ಗುದ್ದಲಿ ಹಾಕಿದರೆ ಹೋದ ವರ್ಷದ ಮೇಣ, ಅದರ ಹಿಂದಿನ ವರ್ಷದ ಮೇಣ, ಎಲ್ಲ ಹಾಗ್ಹಾಗೇ ಗಡ್ಡೆ ಕಟ್ಟಿಕೊಂಡು ಬಿದ್ದಿದೆ. ಹಿಂದಿನ ಸಂಜೆ ಇದೇ ಸಮಾಧಿಯಲ್ಲಿ ನಿಂತು ಸ್ವಾಮಿಯವರು, "ಮಣ್ಣಲ್ಲಿ ಕರಗದ್ದನ್ನ ಮಣ್ಣಿಗೆ ಹಾಕಬೇಡಿ, ಅದು ದೇವರ ಭೂಮಿಗೆ ಮಾಡೋ ಮೋಸ," ಅಂದಿದ್ದರು. ಅವರು ಹೇಳಿದ್ದು ಪ್ಲಾಸ್ಟಿಕ್ ಹೂವಿನ ಹಾರಕ್ಕೆ. ಆರೋಗ್ಯಮ್ಮನಿಗೆ ಮೇಣವೂ ಕರಗಿಲ್ಲವಲ್ಲ ಅನಿಸಿತು. ಗುಂಡಿ ಮುಚ್ಚಿ, ಹಳೆಯದು ಹೊಸದು ಎಲ್ಲ ಸೇರಿಸಿ ಸಿಮೆಂಟು ಚೀಲಕ್ಕೆ ತುಂಬಿ ಮನೆಗೆ ಹೊತ್ತು ತಂದಳು.

ಫಿಲೋಮಿನಾ ಶಾಲೆಯಿಂದ ಬಂದಾಗ ಒಲೆಯ ಮೇಲೆ ಹಳೇ ಅಲ್ಯುಮಿನಿಯಂ ಪಾತ್ರೆಯಲ್ಲಿ ಮೇಣ ಕುದಿಯುತ್ತಿತ್ತು. ಮುದುಕಿ ಪರಂಗಿ ಎಲೆಯ ದಂಟುಗಳನ್ನು ಒಂದೇ ಅಳತೆಗೆ ಕೊಯ್ದು, ಪೊಳ್ಳಿನ ನಡುವೆ ನೂಲು ಇಳಿಬಿಟ್ಟು, ಸಾಲಾಗಿ ಮರಳಿನಲ್ಲಿ ನಿಲ್ಲಿಸಿದ್ದಳು.

"ಅತ್ತೆ, ಇಷ್ಟೊಂದು ಮೇಣ ಎಲ್ಲೀದು?"

"ಚರ್ಚಿಂದು."

"ಚರ್ಚಲ್ಲಿ ಇಷ್ಟೆಲ್ಲಿರ್ತದೆ?"

"ಸಮಾಧಿನೂ ಚರ್ಚಿಂದೇ ತಾನೆ?"

ಫಿಲೋಮಿನಾ ಶಿಲುಬೆ ಗುರುತು ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಯೇಸುವೇ! ಸತ್ತೋರ ಬತ್ತಿ ಒಲೆ ಮೇಲಿಡದಾ?"

"ಬೆಂಕಿ ತೋರಿಸ್ದ ಮೇಲೆ ಎಲ್ಲಾ ಒಂದೇ ಕಣಮ್ಮಿ. ಮಣ್ಣಲ್ಲಿ ಹೂತು ಯಾರ್ಗೇನು ಬಂತು? ನಿನ್ ಗಂಡನ್ಗೆ ಹೇಳ್ಬ್ಯಾಡ. ಅಂವ ನೆರಳು ಕಂಡ್ರೂ ಎದರ್ಕತನೆ."

ದಂಟು ಸೀಳಿ ತೆಗೆದಾಗ ಬತ್ತಿಗಳು ತಿಳಿ ಗುಲಾಬಿಯಾಗಿದ್ದವು. ಆ ಬಣ್ಣ ಎಲ್ಲಿಂದ ಬಂತೆಂದು ಮುದುಕಿಗೆ ಗೊತ್ತಿತ್ತು. ಬಂದರೆ ಬರಲಿ, ಚೆನ್ನಾಗಿದೆಯಲ್ಲ ಅಂದುಕೊಂಡಳು.

ಡಿಸೆಂಬರಿನ ಮೊದಲ ಭಾನುವಾರ ಲೀನಾ ಹತ್ತು ಬತ್ತಿ ಹಿಡಿದುಕೊಂಡು ಹೋಗಿ ಸ್ವಾಮಿಯವರಿಗೆ ತೋರಿಸಿದಳು. ಪೀಠದ ಮೇಲೆ ಉಳಿದ ತುಂಡುಗಳಿಂದ ಅಜ್ಜಿ ಮಾಡಿದ್ದು ಎಂದೇ ಅವಳ ನಂಬಿಕೆ. ಸ್ವಾಮಿಯವರು ಪೂಜೆಯ ಕೊನೆಗೆ ಒಂದನ್ನು ಎತ್ತಿ ಹಿಡಿದರು. "ನೋಡಿ. ಎಸೆಯೋ ವಸ್ತುವಿನಿಂದ ನಮ್ಮ ಆರೋಗ್ಯಮ್ಮ ಬೆಳಕು ಮಾಡಿದ್ದಾರೆ. ಈ ಸಲ ಕ್ರಿಸ್‌ಮಸ್ ಪೂಜೆಗೆ ಎಲ್ಲರ ಕೈಯಲ್ಲೂ ಇದೇ ಬತ್ತಿ. ಪೇಟೆಯಿಂದ ಒಂದೂ ಬೇಡ." ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಬಂದಾಗ ಸಂಧ್ಯಾಗಮ್ಮ ಒಂದು ಬತ್ತಿ ಕೈಯಲ್ಲಿ ಹಿಡಿದು ನಿಂತಿದ್ದಳು. "ಎಷ್ಟು ಚೆಂದ ಬಂದದೆ ಕಣಕ್ಕ. ನಮ್ ಸೆಲಿನ್‌ಗೂ ಈ ಬಣ್ಣ ಅಂದ್ರೆ ಪ್ರಾಣ."

ಆರೋಗ್ಯಮ್ಮ ಆ ಬತ್ತಿಯಿಂದ ಕಣ್ಣು ಹೊರಳಿಸಿದಳು. "ಊಂ ಕಣವ್ವ," ಎಂದವಳು ಟೀಗೂ ನಿಲ್ಲದೆ ಮನೆಗೆ ನಡೆದಳು. ಅಲ್ಲಿಯವರೆಗೆ ಅವಳ ಪಾಲಿಗೆ ಅದು ಬರೀ ಮೇಣವಾಗಿತ್ತು.

ಫಿಲೋಮಿನಾಗೆ ಇನ್ನು ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ. ಮಧ್ಯಾಹ್ನ ಅವರೆಕಾಳಿನ ಸಾರು ಬಡಿಸುತ್ತ ಗಂಡನಿಗೆ ಎಲ್ಲ ಹೇಳಿಬಿಟ್ಟಳು. ಲೀನಾ ಟ್ಯೂಷನ್ನಿಗೆ ಹೋಗಿದ್ದಳು. ಚೌರಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ.

"ಅವ್ವ, ಏನ್ ಮಾಡ್ಬುಟ್ಟೆ ನೀನು?"

"ಸ್ವಾಮ್ಯೋರು ಹೇಳ್ದಂಗೆ ಮಾಡ್ದೆ."

"ಸ್ವಾಮ್ಯೋರು ಗೋರಿ ಮೇಲಿಂದ ಎತ್ಕಬಾ ಅಂದ್ರಾ? ಜ್ಞಾನಪ್ರಕಾಶಪ್ಪಂಗೆ ಗೊತ್ತಾದ್ರೆ ಮಾರ್ನೆ ದಿನವೇ ಪಾತ್ರೆ ಪಡ್ಗ ಬೀದೀಲಿರ್ತವೆ. ಎಲ್ಲಿಗೆ ಓಗನ? ಈ ಮಗೀಗೆ ಪರೀಕ್ಷೆ ಅದೆ, ಎಲ್ಲಿ ಕೂತ್ಕಂಡು ಓದ್ತಾಳೆ?"

"ಯಾರು ಹೇಳ್ತಾರ್ಲಾ ಅವನ್ಗೆ?"

"ಯಾರೂ ಹೇಳ್ಬೇಕಾಗಿಲ್ಲ. ಆ ಬಣ್ಣವೇ ಹೇಳ್ತದೆ. ಸಂಧ್ಯಾಗಕ್ಕ ಇವತ್ತು ಮೂಸಿ ನೋಡ್ತಿದ್ಲಂತೆ!"

"ಹಂಗಾದ್ರೆ ಓಗಿ ಸ್ವಾಮ್ಯೋರ್ಗೆ ಹೇಳ್ಬುಡ್ತೀನಿ," ಎಂದು ಮುದುಕಿ ಎದ್ದಳು.

"ಕೂತ್ಕವ್ವ ಸುಮ್ನೆ!" ಚೌರಪ್ಪ ತಾಯಿಯ ಮೇಲೆ ಕೂಗಿದ್ದು ಅದೇ ಮೊದಲು. ಆರೋಗ್ಯಮ್ಮ ಕೂತಳು, ಆದರೆ ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ಹಾಲಿನ ಕವರು ತೊಳೆಯುವುದನ್ನೂ ಬಿಟ್ಟಳು. ಅವು ಬಚ್ಚಲಿನಲ್ಲಿ ಹುಳಿವಾಸನೆ ಬರಿಸಿಕೊಂಡು ಬಿದ್ದಿದ್ದವು. ಕೊನೆಗೆ ಫಿಲೋಮಿನಾಳೇ ಗೊಣಗುತ್ತ ತೊಳೆದಳು.

ಒಟ್ಟು ನೂರಿಪ್ಪತ್ತು ಬತ್ತಿ ಚರ್ಚಿನ ಸಾಮಾನು ಕೋಣೆಯಲ್ಲಿ ಒಂದು ರಟ್ಟಿನ ಡಬ್ಬದೊಳಗಿದ್ದವು. ಕ್ರಿಸ್‌ಮಸ್ಸಿನವರೆಗೆ ಅದನ್ನು ತೆರೆಯುವವರಿಲ್ಲ. ಆ ಕೋಣೆಯ ಬೀಗದ ಕೈ ಇದ್ದದ್ದು ಚೌರಪ್ಪನ ಸೊಂಟದಲ್ಲಿ. ಹತ್ತು ದಿನ ಒದ್ದಾಡಿದ ಮೇಲೆ ಅವನೊಂದು ಉಪಾಯ ಹೂಡಿದ. ಫಿಲೋಮಿನಾ ಹಬ್ಬದ ಸೀರೆಗೆಂದು ಎತ್ತಿಟ್ಟಿದ್ದ ದುಡ್ಡು ಇಸಿದುಕೊಂಡು, ಪೀಠದ ಬಟ್ಟೆಗೆ ಅಂಚು ತರಬೇಕೆಂದು ಸುಳ್ಳು ಹೇಳಿ ಚಾಮರಾಜನಗರದ ಬಸ್ಸು ಹತ್ತಿದ. ಗುಂಡ್ಲುಪೇಟೆಯಲ್ಲೇ ಕೊಂಡರೆ ಅಂಗಡಿಯವರು ಯಾಕೆ ಏನು ಎಂದು ಕೇಳುತ್ತಾರಲ್ಲ! ಅಲ್ಲಿ ನಾಲ್ಕು ಅಂಗಡಿ ಅಲೆದು, ಆರಾರರ ಇಪ್ಪತ್ತು ಪ್ಯಾಕೆಟ್ಟು ಗುಲಾಬಿ ಬಣ್ಣದ ಬತ್ತಿ ತಂದ. ಮಾರನೆ ಬೆಳಿಗ್ಗೆ ಗಂಟೆ ಹೊಡೆದವನೇ ತಾಯಿಯ ಬತ್ತಿಗಳನ್ನೆಲ್ಲ ಚೀಲಕ್ಕೆ ಸುರಿದು ಹಿಂದಿನ ಗೋಡೆಯ ಗುಂಡಿಯಲ್ಲಿ ಹೂತ. ಪೇಟೆಯ ಬತ್ತಿಗಳನ್ನು ಬಿಚ್ಚಿ ಡಬ್ಬಕ್ಕೆ ತುಂಬಿದ. ಸತ್ತವರದ್ದು ಸತ್ತವರಿಗೆ ಹೋಯಿತು, ಇನ್ನು ಯಾರ ಭಯವೂ ಇಲ್ಲ ಅಂದುಕೊಂಡು ಎದ್ದು ನೋಡಿದರೆ ಕಾಲ ಬುಡದಲ್ಲಿ ಇಪ್ಪತ್ತು ಖಾಲಿ ಕವರು.

ಪ್ರತಿಯೊಂದರ ಮೇಲೂ ಉರಿಯುವ ಗುಲಾಬಿ ಬತ್ತಿಯ ಚಿತ್ರ. ಜೇಬಿಗೆ ತುರುಕಿದರೆ ಚರಚರ ಸದ್ದು. ಮನೆಯ ಚೀಲಕ್ಕೆ ಹಾಕುವಂತಿಲ್ಲ, ಲೀನಾ ಒಂದೊಂದೇ ಕವರು ಬಿಡಿಸಿ ನೋಡುತ್ತಾಳೆ. ಎಲ್ಲ ಸೇರಿಸಿ ಸುರುಳಿ ಸುತ್ತಿ ಸೌದೆಯ ಸಂದಿಯಲ್ಲಿಟ್ಟ. ಫಿಲೋಮಿನಾ ಅದನ್ನು ಕಂಡು, ಗಂಡನ ಕೆಲಸವೆಂದು ತಿಳಿದು ಒಲೆಗೆ ಹಾಕಿದಳು. ವಾಸನೆ ಹೊಗೆಗಿಂತ ಮೊದಲು ಹೊರಗೆ ಹೋಯಿತು.

"ಯಾರಮ್ಮಿ ಅದು ಕವರ್ ಸುಡ್ತಿರದು?" ಆರೋಗ್ಯಮ್ಮ ಜಗಲಿಯಿಂದ ಕೂಗಿದಳು.

"ಯಾರೂ ಇಲ್ಲ ಅತ್ತೆ, ಹಾಲು ಉಕ್ತು," ಎಂದು ಸೊಸೆ ಇಕ್ಕಳದಿಂದ ಎಳೆದು ತೆಗೆದಳು. ಒಂದು ಮೂಲೆ ಕರಕಲಾಗಿತ್ತು, ಅಷ್ಟೇ.

ಚೌರಪ್ಪ ಅದನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಊಟಿ ರಸ್ತೆಯಲ್ಲಿ ಎರಡು ಮೈಲಿ ಹೋದ. ಎಸೆಯಬೇಕೆಂದು ಕೈ ಎತ್ತಿದಾಗೆಲ್ಲ ಯಾರೋ ಬರುತ್ತಿದ್ದರು. ಯಾರೂ ಇಲ್ಲದ ಕಡೆ ಒಂದು ಹಸು ನಿಂತಿತ್ತು. ಸಣ್ಣತಾಯಮ್ಮ ತನ್ನ ಹಸುವಿನ ಪಕ್ಕ ಕೂತು ಅತ್ತದ್ದು ನೆನಪಾಗಿ, ಅವನು ಸೈಕಲ್ಲು ತಿರುಗಿಸಿಕೊಂಡು ಬಂದ. ಇಡೀ ಊರು ಕಸ ಬಿಡಿಸಿ ನೋಡುತ್ತಿರುವಾಗ ಒಬ್ಬ ಮನುಷ್ಯ ಇಪ್ಪತ್ತು ಕವರು ಎಲ್ಲಿ ಬಚ್ಚಿಡಬೇಕು?

ಶನಿವಾರ ಸಂಜೆ ಚರ್ಚಿನ ಜಗಲಿಯಲ್ಲಿ ಆಗಲೇ ಏಳೆಂಟು ಚೀಲ ಬಂದಿದ್ದವು. ಬಾಗಿಲು ಹಾಕಲು ಬಂದ ಚೌರಪ್ಪ ಅತ್ತಿತ್ತ ನೋಡಿ, ಎಲ್ಲಕ್ಕಿಂತ ದಪ್ಪಗಿದ್ದ ಚೀಲದ ಬಾಯಿ ಬಿಚ್ಚಿ ತಳದವರೆಗೆ ತುರುಕಿದ. ಅದು ಯಾರದೆಂದು ನೋಡಲಿಲ್ಲ. ನೋಡಿದ್ದರೆ ಬೇರೆ ಚೀಲಕ್ಕೆ ಹಾಕುತ್ತಿದ್ದ, ಅಷ್ಟು ಬಿಟ್ಟರೆ ಅವನ ಭಯ ಬೇರೇನನ್ನೂ ಮಾಡಲು ಬಿಡುತ್ತಿರಲಿಲ್ಲ.

ಮಾರನೆ ದಿನ ಹಬ್ಬಕ್ಕೆ ಮುಂಚಿನ ಕೊನೆಯ ಭಾನುವಾರ. ಪೂಜೆ ಮುಗಿದು ಜನವೆಲ್ಲ ಅಂಗಳದಲ್ಲಿ ನಿಂತಿತ್ತು. ಹುಡುಗರು ಬಾಲಯೇಸುವಿನ ಗೋದಲಿಗೆ ಹುಲ್ಲು ಹೊದಿಸುತ್ತಿದ್ದರು. ಮುನಾವರ್ ಒಂದೊಂದೇ ಚೀಲ ತೂಕಕ್ಕೆ ಹಾಕುತ್ತ ಬಂದವನು ಒಂದರ ಹತ್ತಿರ ನಿಂತು, ಕೈಯಾಡಿಸಿ, ಪೂರಾ ನೆಲಕ್ಕೆ ಸುರಿದ.

"ಲೀನಮ್ಮಾ, ಈ ಚರಚರ ಕವರ್ ಹಾಕ್ಬೇಡಿ ಅಂತ ಹೇಳಿದೀನಲ್ಲ? ನಮ್ ಹತ್ರ ಕೊಳ್ಳೋ ದೊಡ್ಡ ವ್ಯಾಪಾರಿಗಳು ತಗೊಳಲ್ಲ."

ಗುಲಾಬಿ ಬತ್ತಿಯ ಚಿತ್ರದ ಕವರುಗಳು ಅಂಗಳದ ತುಂಬ ಹರಡಿದವು. ಲೀನಾ ಚೀಲದ ನಂಬರು ಓದಿದಳು. "ಹತ್ತೊಂಬತ್ತು. ಸಂಧ್ಯಾಗಮ್ಮೋರ್ದು."

ಜ್ಞಾನಪ್ರಕಾಶಪ್ಪ ನಕ್ಕ. "ಏನವ್ವ, ಪೇಟೆಯಿಂದ ಒಂದೂ ಬ್ಯಾಡ ಅಂತ ಸ್ವಾಮ್ಯೋರು ಅಂದ್ರೆ ನೀನು ಇಪ್ಪತ್ತು ಪ್ಯಾಕೆಟ್ ತಂದಿದ್ದೀಯಾ?"

"ನಂದಲ್ಲ ಕಣಣ್ಣ ಅದು."

"ನಿನ್ ಚೀಲದಲ್ಲೇ ಅದಲ್ಲ!"

"ಬುಡಣ್ಣ," ಎಂದಿತು ಯಾವುದೋ ಹೆಣ್ಣುದನಿ, ಮೆಲ್ಲಗೆ. "ಪಾಪ, ಮಗ್ಳು ಹೆಸ್ರಲ್ಲಿ ದಿನಾ ಹಚ್ತಾಳೇನೋ. ತಲೆ ಸರಿ ಇದ್ದಂಗಿಲ್ಲ."

ಸ್ವಾಮಿಯವರು ಹತ್ತಿರ ಬಂದು, "ಇರಲಿ ಬಿಡಮ್ಮ, ನಾನೇನೂ ಅನ್ನಲ್ಲ," ಅಂದರು. ಆ ಕನಿಕರ ಸಂಧ್ಯಾಗಮ್ಮನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

"ಸ್ವಾಮಿ, ನನ್ ತಲೆ ಸರಿಯಾಗೇ ಅದೆ. ನನ್ ಸೆಲಿನ್ ಗೋರಿ ಮೇಲೆ ಆಣೆ, ಇದು ನಂದಲ್ಲ."

ಮೆಟ್ಟಿಲ ಮೇಲೆ ಪೊರಕೆ ಹಿಡಿದು ನಿಂತಿದ್ದ ಚೌರಪ್ಪ ಅದನ್ನು ಗೋಡೆಗೆ ಒರಗಿಸಿದ. ಓಡಿಹೋಗಬೇಕೆನಿಸಿತು. ಕಾಲು ಮಾತ್ರ ಮೆಟ್ಟಿಲಿಳಿದು ಅಂಗಳಕ್ಕೇ ಬಂತು. "ನಾನ್ ಹಾಕಿದ್ದು ಅದ," ಅಂದ. ತಪ್ಪಾಯ್ತು ಅನ್ನುವುದನ್ನು ಆ ಹೊತ್ತು ಮರೆತೇಬಿಟ್ಟ.

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಆರೋಗ್ಯಮ್ಮನಿಗೊಬ್ಬಳಿಗೆ. ಮಗನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡು ಸಾಮಾನು ಕೋಣೆಗೆ ಹೋದಳು, ಒಂದು ಬತ್ತಿ ಹಿಡಿದು ವಾಪಸು ಬಂದಳು. ನುಣುಪಾದ, ನೆಟ್ಟಗಿನ ಪೇಟೆ ಬತ್ತಿ.

"ಇದು ನಂದಲ್ಲ. ನನ್ನವೆಲ್ಲೋ?"

ಚೌರಪ್ಪ ತಲೆ ತಗ್ಗಿಸಿದ. ಮುದುಕಿ ಸ್ವಾಮಿಯವರ ಕಡೆ ತಿರುಗಿದಳು.

"ಸ್ತೋತ್ರ ಸ್ವಾಮಿ. ನಾನು ಮಾಡಿದ್ದು ಪೀಠದ ಮೇಣ ಅಲ್ಲ. ಗೋರಿ ಮೇಲಿಂದು. ಮಣ್ಣಲ್ಲಿ ಕರಗದ್ದನ್ನ ಹೂಳ್ಬ್ಯಾಡಿ ಅಂದ್ರಿ, ಅದ್ಕೇ ಎತ್ಕಬಂದೆ. ನನ್ ಮಗ ಎದರ್ಕಂಡು ಬದ್ಲಾಯಿಸವ್ನೆ. ತೆಪ್ಪು ನಂದು."

ಅಂಗಳದಲ್ಲಿ ಗುಜುಗುಜು ಎದ್ದಿತು. ಒಬ್ಬಳು ತಾಯಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸತ್ತೋರ ಬತ್ತೀನ ನಮ್ ಮಕ್ಕಳ ಕೈಗೆ ಕೊಡಕ್ಕೆ ಹೊಂಟಿದ್ರಾ?" ಜ್ಞಾನಪ್ರಕಾಶಪ್ಪ ದನಿ ಏರಿಸಿದ. "ಇಂಥೋರ್ಗೆ ಬೀಗದ ಕೈ ಕೊಟ್ಟಿದ್ದೀವಲ್ಲ! ಸ್ವಾಮಿ, ಇವತ್ತೇ ಮನೆ ಖಾಲಿ ಮಾಡ್ಸಿ."

ಸ್ವಾಮಿಯವರು ಆರೋಗ್ಯಮ್ಮನ ಕೈಯಲ್ಲಿದ್ದ ಬತ್ತಿಯನ್ನು ನೋಡಿದರು. ತಾವೇ ಆಡಿದ ಮಾತು ಹೀಗೆ ತಿರುಗಿ ಬಂದು ನಿಂತಿತ್ತು. ಫಿಲೋಮಿನಾ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಲೀನಾ ಅಜ್ಜಿಯನ್ನೂ ಅಪ್ಪನನ್ನೂ ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು.

ಸಂಧ್ಯಾಗಮ್ಮ ಆರೋಗ್ಯಮ್ಮನ ಎದುರಿಗೆ ಬಂದು ನಿಂತಳು. "ಅಕ್ಕ, ಆ ಗುಲಾಬಿ ಬಣ್ಣ?"

"ನಿನ್ ಮಗ್ಳುದೇ ಕಣವ್ವ. ಎಲ್ಲಾ ಒಂದೇ ಪಾತ್ರೇಲಿ ಕಾಸ್ಬುಟ್ಟೆ. ನೂರಿಪ್ಪತ್ತರಲ್ಲೂ ಸೇರ್ಕಬುಡ್ತು. ಇನ್ನ ಬ್ಯಾರೆ ಮಾಡಕಾಗದು." ಮುದುಕಿ ಒಂದು ಹೆಜ್ಜೆ ಮುಂದೆ ಬಂದಳು. "ಹೊಡಿಯಂಗಿದ್ರೆ ಹೊಡ್ದುಬುಡು."

ಸಂಧ್ಯಾಗಮ್ಮ ಹೊಡೆಯಲಿಲ್ಲ. ಚೌರಪ್ಪನ ಕಡೆ ತಿರುಗಿದಳು. "ಈಗೆಲ್ಲಿಟ್ಟಿದ್ದೀಯಪ್ಪ ಅವ?"

"ಗುಂಡೀಲಿ, ಅಕ್ಕ. ಮಣ್ಣು ಮುಚ್ಬುಟ್ಟೆ."

"ಒಂದ್ಸಲ ಮಣ್ಣು ಮಾಡಿದ್ದು ಸಾಲ್ದು ಅಂತ ನನ್ ಮಗೀನ ಇನ್ನೊಂದ್ಸಲ ಮಾಡ್ಬುಟ್ಯಾ?"

ಮುನಾವರ್ ತಕ್ಕಡಿ ಕೆಳಗಿಟ್ಟ. ಜ್ಞಾನಪ್ರಕಾಶಪ್ಪನೂ ತನ್ನ ಚಪ್ಪಲಿ ನೋಡಿಕೊಂಡ.

"ಬಾ, ತೆಗಿ," ಎಂದು ಸಂಧ್ಯಾಗಮ್ಮ ಸಮಾಧಿಯ ಕಡೆ ನಡೆದೇಬಿಟ್ಟಳು. ಚೌರಪ್ಪ ಹಿಂದೆ ಹೋದ, ಅವನ ಹಿಂದೆ ಆರೋಗ್ಯಮ್ಮ, ಫಿಲೋಮಿನಾ, ಲೀನಾ, ಸ್ವಾಮಿಯವರು. ಮಿಕ್ಕವರಲ್ಲಿ ಅರ್ಧ ಜನ ಬಂದರು, ಅರ್ಧ ಜನ ಮನೆಗೆ ಹೋದರು. "ಮನೆ ವಿಚಾರ ಹಬ್ಬ ಕಳೆದ ಮೇಲೆ ಮೀಟಿಂಗ್‌ನಲ್ಲಿ ಅದೆ, ನೆನಪಿರ್ಲಿ," ಎಂದು ಜ್ಞಾನಪ್ರಕಾಶಪ್ಪ ಹಿಂದಿನಿಂದ ಹೇಳಿದ್ದು ಚೌರಪ್ಪನಿಗೆ ಕೇಳಿಸಿತು. ಅವನು ತಿರುಗಲಿಲ್ಲ.

ಗುದ್ದಲಿ ಹಾಕಿದರೆ ಮುರಿದಾವೆಂದು ಚೌರಪ್ಪ ಮೊಣಕಾಲೂರಿ ಕೈಯಿಂದಲೇ ಮಣ್ಣು ಬಗೆದ. ಪರಂಗಿ ದಂಟಿನ ಗೀರು ಬಿದ್ದ ಬತ್ತಿಗಳು ಒಂದೊಂದಾಗಿ ಮೇಲೆ ಬಂದವು. ಸಂಧ್ಯಾಗಮ್ಮ ಪಕ್ಕದಲ್ಲಿ ಕೂತು ಪ್ರತಿಯೊಂದನ್ನೂ ಸೆರಗಿನಿಂದ ಒರೆಸಿ ಲೀನಾಳ ಮಡಿಲಿಗೆ ಹಾಕಿದಳು. ಅಳು ಬಂದಾಗ ನಿಲ್ಲಿಸಿ, ಅತ್ತು, ಮತ್ತೆ ಒರೆಸಿದಳು. ಆರೋಗ್ಯಮ್ಮ ಎದುರಿಗೆ ಕೂತು ಕೈ ನೀಡಿದಳು. ಸಂಧ್ಯಾಗಮ್ಮ ಅವಳ ಮುಖ ನೋಡದೆಯೇ ಅವಳಿಗೂ ನಾಲ್ಕು ಕೊಟ್ಟಳು ಒರೆಸಲು.

ಕೊನೆಗೆ ಚೌರಪ್ಪ ಮೈ ಕೊಡವಿಕೊಂಡು ಏಳಹೊರಟ. "ಆಯ್ತು ಅಕ್ಕ. ಮಿಕ್ಕಿದ್ದು ಮುರಿದೋಗವೆ, ಚೂರು ಪಾರು ಅಷ್ಟೇಯ."

"ಚೂರನ್ನೂ ತೆಗಿ," ಅಂದಳು ಸಂಧ್ಯಾಗಮ್ಮ. "ಒಂದ್ನೂ ಒಳಗೆ ಬುಡಬ್ಯಾಡ."

ಚೌರಪ್ಪ ಮತ್ತೆ ಮೊಣಕಾಲೂರಿ, ತೋಳಿನವರೆಗೆ ಕೈಯನ್ನು ಮಣ್ಣಿನೊಳಕ್ಕೆ ಇಳಿಸಿದ.